ಕಣ್ಣೆದುರಿಗೇ ಇದ್ದದ್ದು ಕಾಣುವುದಿಲ್ಲ ಯಾಕೆ? ಅಂಗಳದಲ್ಲಿ ಬಿದ್ದ ತಿರುಪಿನ ಸಂಗತಿ

ಗೋಟಡಿಕೆ · ಶಿರಸಿ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಗೋಟು, ಅಂದರೆ ಸಿಪ್ಪೆ ಸಮೇತ ಒಣಗಲು ಹಾಕಿದ ಅಡಿಕೆ, ಕೈಯಾಡಿಸುತ್ತಿದ್ದೆ. ಬಲಗಿವಿಯ ಬೆಂಡೋಲೆ ಸಡಿಲವಾಗಿ ಕೈಗೆ ಬಂತು. ಹಿಂದಿನ ತಿರುಪು ಇಲ್ಲ! ಸ್ವಲ್ಪ ಹೊತ್ತಿನ ಮುಂಚೆ ಕಿವಿ ಮುಟ್ಟಿ ನೋಡಿಕೊಂಡಾಗ ಇತ್ತು. ಅಂದರೆ ಬಿದ್ದದ್ದು ನಾನು ಕೂತ ಜಾಗದ ಸುತ್ತಲೇ. ಹೆಚ್ಚೆಂದರೆ ಎರಡು ಚಾಪೆ ಹಾಸಿದಷ್ಟು ಜಾಗ. ಅಲ್ಲಿದ್ದ ಗೋಟನ್ನೆಲ್ಲ ಬುಟ್ಟಿಗೆ ತುಂಬಿ, ಜಾಲಾಡಿ, ಆಚೆ ಹಾಕಿದೆವು. ಈಗ ಅಲ್ಲಿರುವುದು ಸಗಣಿ ಸಾರಿಸಿದ ನೆಲ. ಮೇಲೆ ಒಂದಿಷ್ಟು ನಾರು, ತೊಟ್ಟು, ಕಸ. ನಾನು, ಮನೆಯವರು, ಮಗಳು ಸೇರಿ ಎರಡು ತಾಸು ಹುಡುಕಿದೆವು. ಇಲ್ಲ ಅಂದರೆ ಇಲ್ಲ.

ತಿರುಪು ಹೋದ ಬೇಜಾರು ಒಂದು ಕಡೆ. ಅದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಬೇರೆ. ಚಾಲಿ, ಅಂದರೆ ಗೋಟು ಸುಲಿದ ಬಿಳಿ ಅಡಿಕೆ, ಆರಿಸಲು ನಮ್ಮಲ್ಲಿಗೆ ಒಬ್ಬರು ಅಕ್ಕ ಬರುತ್ತಾರೆ. ಅವರ ಬಾಯಿ ಊರ ಸುದ್ದಿ ಹೇಳುತ್ತಿರುತ್ತದೆ, ಕೈ ಕೋಕಾ, ಬಿಳೆಗೋಟು ಅಂತ ಕಡಿಮೆ ದರ್ಜೆಯ ಅಡಿಕೆಯನ್ನು ಬೇರೆ ಬೇರೆ ಮಾಡುತ್ತಿರುತ್ತದೆ. ಅಡಿಕೆಯ ಕಡೆ ನೋಡುವುದೇ ಇಲ್ಲ. ನಾನೋ ಎರಡು ತಾಸು ನೆಲಕ್ಕೆ ಕಣ್ಣು ಅಂಟಿಸಿ ಕೂತೆ. ಮನೆಯವರದ್ದು ಒಂದೇ ಮಾತು, "ಸರಿಯಾಗಿ ನೋಡು." ನೋಡುತ್ತಲೇ ಇದ್ದೇನಲ್ಲ ಮಾರಾಯ್ರೆ!

ಒಬ್ಬರ ಕಣ್ಣಿಗೆ ಸಿಗುವುದು ಇನ್ನೊಬ್ಬರ ಕಣ್ಣಿಗೆ ಯಾಕೆ ಸಿಗುವುದಿಲ್ಲ? ಹುಡುಕುವಾಗ ಕಣ್ಣು ಏನು ಮಾಡುತ್ತದೆ? ಗೊತ್ತಿದ್ದವರು ಹೇಳಿ. ಆ ಜಾಗಕ್ಕೆ ಯಾರೂ ಕಾಲಿಡಬಾರದು ಅಂತ ನಾಲ್ಕು ಕಡೆ ಕಲ್ಲು ಇಟ್ಟಿದ್ದೇನೆ.

ಸುಮ್ನೆ ಓದುವವ

ಮೆಟಲ್ ಡಿಟೆಕ್ಟರ್ ತರಿಸಿ ಅಕ್ಕ.

ಗೋಟಡಿಕೆ · ಶಿರಸಿ

ತಿರುಪಿಗಿಂತ ಅದರ ಬಾಡಿಗೆಯೇ ಜಾಸ್ತಿ ಆದೀತು ತಮ್ಮ.

ಕುಮಟಾ ಕನ್ನಡಕ

ಅಕ್ಕ, ನಾನು ಕನ್ನಡಕದ ಅಂಗಡಿಯವನು. ಕಣ್ಣಿನ ವಿಷಯ ಬಂದರೆ ಬಾಯಿ ಮುಚ್ಚುವುದು ಕಷ್ಟ. ಮೊದಲು ಒಂದು ಪರೀಕ್ಷೆ ಮಾಡಿ. ಕೈ ಉದ್ದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಒಂದು ಸಲಕ್ಕೆ ನಿಮ್ಮ ಕಣ್ಣಿಗೆ ತೀರಾ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ. ಲೆಕ್ಕದಲ್ಲಿ 2 ಡಿಗ್ರಿ ಆಸುಪಾಸು. ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾದ ನಡುವೆ ಫೋವಿಯಾ ಎಂಬ ಸಣ್ಣ ತಗ್ಗು ಇದೆ. ಬಣ್ಣ ಮತ್ತು ವಿವರ ಹಿಡಿಯುವ ಕೋನ್ ಕೋಶಗಳು ಅಲ್ಲಿ ಕಿಕ್ಕಿರಿದಿವೆ. ಅಲ್ಲಿಂದ ಹೊರಗೆ ಹೋದಂತೆ ಚಿತ್ರ ಮಸುಕು. ನಂಬಿಕೆ ಬರದಿದ್ದರೆ ಈ ಸಾಲಿನ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು, ನಾಲ್ಕು ಸಾಲು ಕೆಳಗಿನದನ್ನು ಓದಲು ನೋಡಿ. ಆಗುವುದಿಲ್ಲ.

ಹಾಗಾದರೆ ಇಡೀ ಅಂಗಳ ಸ್ಪಷ್ಟವಾಗಿ ಕಂಡ ಹಾಗೆ ಅನಿಸುವುದು ಹೇಗೆ? ಕಣ್ಣು ಸುಮ್ಮನೆ ಕೂರುವುದಿಲ್ಲ, ಅದಕ್ಕೆ. ಮಿಡತೆಯ ಹಾಗೆ ಹಾರುತ್ತದೆ, ಕೂರುತ್ತದೆ, ಮತ್ತೆ ಹಾರುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಸಲ. ಈ ಹಾರಿಕೆಗೆ ಸ್ಯಾಕೇಡ್ ಅನ್ನುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜಾವಲ್ ಅವರ ಪ್ರಯೋಗಾಲಯದಲ್ಲಿ ಇದನ್ನು ಗುರುತಿಸಿದರು. ಓದುವವರ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ ಅಂತ ಗೊತ್ತಾಯಿತು. ಕೂತ ಕಾಲು ಸೆಕೆಂಡಿನಲ್ಲಿ ಕಂಡದ್ದೇ ಕಂಡದ್ದು. ಹಾರುವ ಹೊತ್ತಿನಲ್ಲಿ ಮಿದುಳು ಚಿತ್ರವನ್ನು ಅದುಮಿ ಇಡುತ್ತದೆ.

ಕನ್ನಡಿ ಮುಂದೆ ನಿಂತು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ನೋಡಿ. ನಿಮ್ಮ ಕಣ್ಣು ಅಲುಗಾಡುವುದು ನಿಮಗೆ ಯಾವತ್ತೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ! ಅಂಗಡಿಗೆ ಬಂದ ಮಕ್ಕಳನ್ನು ಸುಮ್ಮನಿರಿಸಲು ನಾನು ಇದನ್ನೇ ಮಾಡಿಸುವುದು.

ಹೊನ್ನಾವರ ಮಾಸ್ತರು

ಕುಮಟಾದವರು ಹೇಳಿದ್ದು ಚೆನ್ನಾಗಿದೆ. ಆದರೆ ನನಗೆ ಲೆಕ್ಕ ಕೂಡುತ್ತಿಲ್ಲ. ನಿವೃತ್ತ ಗಣಿತದ ಮಾಸ್ತರು, ಬಿಡಲಿಕ್ಕೆ ಆಗುವುದಿಲ್ಲ, ಕ್ಷಮಿಸಿ.

ನಿಂತು ನೋಡಿದರೆ ಕಣ್ಣಿನಿಂದ ನೆಲಕ್ಕೆ ಒಂದೂವರೆ ಮೀಟರ್ ಹಿಡಿಯೋಣ. ಅಷ್ಟು ದೂರದಲ್ಲಿ 2 ಡಿಗ್ರಿ ಅಂದರೆ ಸುಮಾರು 5 ಸೆಂಟಿಮೀಟರ್ ಅಗಲದ ವೃತ್ತ. ಅದರ ಕ್ಷೇತ್ರಫಲ 20 ಚದರ ಸೆಂಟಿಮೀಟರ್. ಆರಡಿ ಮೂರಡಿಯ ಎರಡು ಚಾಪೆ ಅಂದರೆ 33 ಸಾವಿರ ಚದರ ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಭಾಗಿಸಿದರೆ ಸುಮಾರು 1,650 ನೋಟ. ಸೆಕೆಂಡಿಗೆ ಮೂರು ನೋಟ ಆದರೆ 550 ಸೆಕೆಂಡ್. ಒಂಬತ್ತು ನಿಮಿಷ ಚಿಲ್ಲರೆ!

ತಂಗಿ ನೋಡಿದ್ದು ಎರಡು ತಾಸು. ಅಂದರೆ ಒಬ್ಬರೇ ಇಡೀ ಜಾಗವನ್ನು ಹದಿಮೂರು ಸಲ ಮುಗಿಸಬಹುದಿತ್ತು. ಮೂವರು ಸೇರಿದರೆ ಅದರ ಮೂರು ಪಟ್ಟು. ಆದರೂ ಕಾಣಲಿಲ್ಲ. ಹಾಗಾದರೆ ಫೋವಿಯಾ ಸಣ್ಣದು ಎಂಬ ಒಂದೇ ಕಾರಣ ಸಾಲದು, ಅಲ್ವಾ?

ಕುಮಟಾ ಕನ್ನಡಕ

ಮಾಸ್ತರೇ, ಸಿಕ್ಕಿಹಾಕಿಸಿದಿರಿ. ಕಣ್ಣು ನಿಮ್ಮ ಹಾಗೆ ಲೆಕ್ಕ ಇಟ್ಟು ಚೌಕ ಚೌಕವಾಗಿ ನೋಡಿದರೆ ನಿಮ್ಮ ಉತ್ತರ ಸರಿ. ಆದರೆ ಕಣ್ಣಿಗೆ ಶಿಸ್ತು ಇಲ್ಲ. ಕೆಲವು ಜಾಗಕ್ಕೆ ಐವತ್ತು ಸಲ ಹೋಗುತ್ತದೆ, ಕೆಲವಕ್ಕೆ ಒಮ್ಮೆಯೂ ಇಲ್ಲ. ಎಲ್ಲಿಗೆ ಹೋಗಬೇಕು ಅಂತ ಹೇಳುವುದು ತಲೆ.

1960ರ ದಶಕದಲ್ಲಿ ರಷ್ಯಾದ ಆಲ್‌ಫ್ರೆಡ್ ಯಾರ್ಬಸ್ ಇದನ್ನು ತೋರಿಸಿದರು. ಕಣ್ಣಗುಡ್ಡೆಗೇ ಸಣ್ಣ ಕನ್ನಡಿ ಇದ್ದ ಬಟ್ಟಲನ್ನು ಅಂಟಿಸಿ, ಕಣ್ಣಿನ ಓಡಾಟವನ್ನು ಗೆರೆಗಳಾಗಿ ದಾಖಲಿಸಿಕೊಂಡರು. ಓದುವಾಗಲೇ ನನ್ನ ಕಣ್ಣಲ್ಲಿ ನೀರು ಬಂತು. ನೋಡಲು ಕೊಟ್ಟದ್ದು ಇಲ್ಯಾ ರೆಪಿನ್ ಬಿಡಿಸಿದ ಒಂದು ವರ್ಣಚಿತ್ರ. ಬಹಳ ಕಾಲದ ಮೇಲೆ ಒಬ್ಬ ಮನೆಗೆ ಬಂದಿದ್ದಾನೆ, ಮನೆಯವರು ಬೆರಗಾಗಿ ತಿರುಗಿದ್ದಾರೆ. ಚಿತ್ರ ಒಂದೇ, ಪ್ರಶ್ನೆ ಬೇರೆ ಬೇರೆ. ಇವರ ವಯಸ್ಸೆಷ್ಟು ಅಂತ ಕೇಳಿದರೆ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಇವರು ಸ್ಥಿತಿವಂತರೋ ಅಂತ ಕೇಳಿದರೆ ಬಟ್ಟೆ, ಪೀಠೋಪಕರಣದ ಕಡೆ ಹೋಯಿತು. ಗೆರೆಗಳ ಆಕಾರವೇ ಬೇರೆ ಬೇರೆ ಬಂತು.

ಅಕ್ಕನ ಕಣ್ಣು ತಾನು ಕೂತ ಜಾಗ, ಕೈ ಹೋದ ಜಾಗ, ಬೆಳಕು ಬಿದ್ದ ಜಾಗ ಇವಕ್ಕೇ ಹೋಗಿರಬೇಕು. ಇನ್ನೊಂದು ವಿಷಯ. ಈಗಷ್ಟೇ ನೋಡಿ ಬಿಟ್ಟ ಜಾಗಕ್ಕೆ ಗಮನ ತಕ್ಷಣ ಮರಳಲು ಹಿಂಜರಿಯುತ್ತದೆ. ಇದನ್ನು 1984ರಲ್ಲಿ ಪೋಸ್ನರ್ ಮತ್ತು ಕೋಹೆನ್ ವಿವರಿಸಿದರು. ಸಾಮಾನ್ಯವಾಗಿ ಇದು ಒಳ್ಳೆಯದೇ, ನೋಡಿದ್ದನ್ನೇ ನೋಡುವುದು ತಪ್ಪುತ್ತದೆ. ಆದರೆ ಆ ಒಂದು ನೋಟದಲ್ಲಿ ತಪ್ಪಿಸಿಕೊಂಡದ್ದು ತಪ್ಪಿಸಿಕೊಂಡ ಹಾಗೇ.

ಎಕ್ಸ್‌ರೇ ರಾತ್ರಿಪಾಳಿ

ಮಾಸ್ತರ ಲೆಕ್ಕದಲ್ಲಿ ಇನ್ನೊಂದು ತೂತು ಇದೆ. ನೋಟ ಬಿದ್ದರೆ ಕಂಡಿತು ಅಂತ ಹಿಡಿದಿದ್ದಾರೆ. ನಮ್ಮ ಕೆಲಸದಲ್ಲಿ ಹಾಗಲ್ಲ.

ಎದೆಯ ಎಕ್ಸ್‌ರೇಯಲ್ಲಿ ಗಂಟು ತಪ್ಪಿಹೋಗುವುದು ಮೂರು ಥರ ಅಂತ 1978ರಲ್ಲೇ ಕುಂಡೆಲ್ ಮತ್ತು ಜೊತೆಗಾರರು ಕಣ್ಣಿನ ಓಡಾಟ ಅಳೆದು ಬರೆದರು. ಒಂದು, ಕಣ್ಣು ಅಲ್ಲಿಗೆ ಹೋಗಲೇ ಇಲ್ಲ. ಎರಡು, ಹೋಯಿತು, ಆದರೆ ಗುರುತು ಹತ್ತಲಿಲ್ಲ. ಮೂರು, ಹೋಯಿತು, ತುಂಬಾ ಹೊತ್ತು ನಿಂತಿತು, ಕಡೆಗೆ "ಇದಲ್ಲ" ಅಂತ ತೀರ್ಮಾನಿಸಿ ಬಿಟ್ಟಿತು. ನನಗೆ ಹೆದರಿಕೆ ಆಗುವುದು ಮೂರನೆಯದಕ್ಕೆ.

2013ರ ಒಂದು ಅಧ್ಯಯನ ಕೇಳಿ. ಡ್ರೂ, ವೋ ಮತ್ತು ವುಲ್ಫ್ ಎಂಬ ಮೂವರು ಮಾಡಿದ್ದು. 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 24 ಜನರಲ್ಲಿ 20 ಜನ ನೋಡಲಿಲ್ಲ! ನೋಡಲಿಲ್ಲ ಅಂದದ್ದು ತಪ್ಪಾಯಿತು. ಆ 20ರಲ್ಲಿ 12 ಜನರ ಕಣ್ಣು ನೇರ ಗೊರಿಲ್ಲಾ ಇದ್ದ ಜಾಗದ ಮೇಲೇ ಬಿದ್ದಿತ್ತು. ಅವರೇನು ಸೋಮಾರಿಗಳಲ್ಲ. ಬಿಳಿ ಸಣ್ಣ ಉಂಡೆ ಹುಡುಕುತ್ತಿದ್ದರು, ಕಪ್ಪು ಗೊರಿಲ್ಲಾ ಬೇಕಿರಲಿಲ್ಲ.

ಗೋಟಡಿಕೆ · ಶಿರಸಿ

ಇದನ್ನು ಮನೆಯವರಿಗೆ ಓದಿ ಹೇಳಿದೆ. "ನಮ್ಮಂಗಳದಲ್ಲಿ ಗೊರಿಲ್ಲಾ ಇಲ್ಲ, ಮಂಗ ಇದೆ" ಅಂದರು.

ಕೋಡಿಬಾಗ · ಕಾರವಾರ

ನಮ್ಮದು ಮೀನುಗಾರರ ಮನೆ. ಪುಸ್ತಕದ ಮಾತು ನನಗೆ ಬರುವುದಿಲ್ಲ. ಅಪ್ಪ ಹೇಳುತ್ತಿದ್ದದ್ದು ಹೇಳುತ್ತೇನೆ.

ಅಜ್ಜನ ಕಾಲದಲ್ಲಿ ರಾಂಪಣಿ ಎಳೆಯುತ್ತಿದ್ದರು. ಉದ್ದನೆಯ ಬಲೆ, ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯಬೇಕು. 1970ರ ದಶಕದಲ್ಲಿ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿ ಬಂದ ಮೇಲೆ ಅದೆಲ್ಲ ಕಡಿಮೆಯಾಯಿತು. ಬಲೆ ಬಿಡುವ ಮುಂಚೆ ಒಬ್ಬ ನೀರು ನೋಡುತ್ತಿದ್ದ. ಬಂಗಡೆ ಹಿಂಡು ಬಂದಿದೆಯಾ ಅಂತ. ಅವನು ಮೀನು ಹುಡುಕುತ್ತಿರಲಿಲ್ಲ. ಮೀನು ಎಲ್ಲಿ ಕಾಣುತ್ತದೆ! ನೀರಿನ ಬಣ್ಣ ಒಂದು ಕಡೆ ಕಪ್ಪಾಗಿದೆಯಾ, ಅಲೆ ಇಲ್ಲದಲ್ಲಿ ನೀರು ನಡುಗುತ್ತಿದೆಯಾ, ಹಕ್ಕಿಗಳು ಎಲ್ಲಿ ಇಳಿಯುತ್ತಿವೆ, ಅದನ್ನು ನೋಡುತ್ತಿದ್ದ. ಅಪ್ಪ ಹೇಳುವುದು, "ಕಣ್ಣು ಚುಚ್ಚಿ ನೋಡಬೇಡ, ಕಣ್ಣು ಹರಡಿ ನೋಡು" ಅಂತ. ಯಾವುದನ್ನೂ ಗಟ್ಟಿಯಾಗಿ ಹಿಡಿಯದೆ ಇಡೀ ಸಮುದ್ರ ಒಟ್ಟಿಗೆ ನೋಡಬೇಕಂತೆ.

ನೀವು ಹೇಳುವ ಚೌಕ ಚೌಕ ನೋಡುವುದೆಲ್ಲ ನಮ್ಮಲ್ಲಿ ನಡೆಯುವುದಿಲ್ಲ. ಅಷ್ಟರಲ್ಲಿ ಮೀನು ಗೋವಾ ಮುಟ್ಟುತ್ತದೆ.

ಹಡಗಿನಿಂದ ಇಳಿದವ · ಕಾರವಾರ

ಕೋಡಿಬಾಗ ತಮ್ಮನ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ನಾನು ಸರಕು ಹಡಗಿನಲ್ಲಿ ಇದ್ದವನು. ರಾತ್ರಿ ಹೊತ್ತು ಮುಂದೆ ನಿಂತು ಕಾಯುವ ಕೆಲಸ ಬೇಕಾದಷ್ಟು ಮಾಡಿದ್ದೇನೆ.

ಖಾಲಿ ಸಮುದ್ರವನ್ನು "ಹರಡಿ" ನೋಡುತ್ತಾ ನಿಂತರೆ ಕಣ್ಣು ಮೋಸ ಮಾಡುತ್ತದೆ. ಹಿಡಿಯಲು ಏನೂ ಸಿಗದಾಗ ಫೋಕಸ್ ತಾನಾಗಿ ಹತ್ತಿರಕ್ಕೆ ಬರುತ್ತದೆ, ಒಂದೆರಡು ಮೀಟರಿಗೆ. ಆಗ ದೂರದ ಸಣ್ಣ ದೋಣಿ ಮಸುಕಾಗಿ ಮಾಯ. ವಿಮಾನ ಓಡಿಸುವವರಿಗೂ ಇದೇ ಪಾಠ. ಆಕಾಶವನ್ನು 10 ಡಿಗ್ರಿ ಅಗಲದ ತುಂಡು ಮಾಡಿಕೊಳ್ಳಬೇಕು. ಪ್ರತಿ ತುಂಡಿನ ಮೇಲೆ ಕನಿಷ್ಠ ಒಂದು ಸೆಕೆಂಡ್ ಕಣ್ಣು ನಿಲ್ಲಿಸಬೇಕು, ಆಮೇಲೆ ಮುಂದಿನದು. ಕಣ್ಣು ಸರ್ರನೆ ಎಳೆದುಕೊಂಡು ಹೋದರೆ ನೋಡಿದ ಹಾಗಲ್ಲ. ಯಾಕೆ ಅಂತ ಕುಮಟಾದವರು ಆಗಲೇ ಹೇಳಿದರು, ಹಾರುವಾಗ ಕಣ್ಣು ಕುರುಡು.

ತಮ್ಮನ ಮಾತು ಎಲ್ಲಿ ಸರಿ ಅಂದರೆ ಅಲುಗಾಡುವ ವಸ್ತುವಿಗೆ. ಕಣ್ಣಿನ ಅಂಚಿಗೆ ವಿವರ ಕಾಣುವುದಿಲ್ಲ, ಚಲನೆ ಬೇಗ ಕಾಣುತ್ತದೆ. ನೀರಿನ ನಡುಕ, ಹಕ್ಕಿ ಇಳಿಯುವುದು ಎರಡೂ ಚಲನೆ. ಕಪ್ಪು ಕಲೆಯೋ ದೊಡ್ಡದು. ಮೂರಕ್ಕೂ ಹೆಬ್ಬೆರಳಿನ ಉಗುರು ಬೇಡ. ತಿರುಪು ಅಲುಗಾಡುವುದಿಲ್ಲ, ದೊಡ್ಡದೂ ಅಲ್ಲ. ಅದಕ್ಕೆ ತುಂಡು ತುಂಡೇ ಗತಿ.

ನಂಬುತ್ತೀರೋ ಬಿಡುತ್ತೀರೋ, ಅಮೆರಿಕದ ಕರಾವಳಿ ಕಾವಲಿನವರು 1970ರ ದಶಕದ ಕೊನೆಗೆ ಸಮುದ್ರದಲ್ಲಿ ಬಿದ್ದವರ ಕಿತ್ತಳೆ ಬಣ್ಣದ ಜಾಕೆಟ್ ಹುಡುಕಲು ಪಾರಿವಾಳಗಳಿಗೆ ತರಬೇತಿ ಕೊಟ್ಟಿದ್ದರು. ಹೆಲಿಕಾಪ್ಟರ್ ಕೆಳಗೆ ಒಂದು ಗೂಡು, ಅದರಲ್ಲಿ ಮೂರು ಪಾರಿವಾಳ, ಒಂದೊಂದು ಒಂದೊಂದು ದಿಕ್ಕಿಗೆ. ಕಿತ್ತಳೆ ಕಂಡರೆ ಕೊಕ್ಕಿನಿಂದ ಒತ್ತಬೇಕು. ಮನುಷ್ಯರಿಗಿಂತ ಎಷ್ಟೋ ಚೆನ್ನಾಗಿ ಹುಡುಕಿದವು.

ಸುಮ್ನೆ ಓದುವವ

ಅಕ್ಕ, ಮೆಟಲ್ ಡಿಟೆಕ್ಟರ್ ಬೇಡ, ಪಾರಿವಾಳ ಸಾಕಿ.

ಕೋಡಿಬಾಗ · ಕಾರವಾರ

ಅಣ್ಣ, ಅಲುಗಾಡುವ ಮಾತು ಒಪ್ಪಿದೆ. ಆದರೆ ಅಪ್ಪ ಕತ್ತಲೆಯಲ್ಲೂ ದೂರದ ದೀಪವನ್ನು ನೇರ ನೋಡಬೇಡ ಅನ್ನುತ್ತಿದ್ದರು. ಪಕ್ಕಕ್ಕೆ ನೋಡಿದರೆ ಕಾಣುತ್ತದಂತೆ. ಅದು ಸುಳ್ಳಾ?

ಹಡಗಿನಿಂದ ಇಳಿದವ · ಕಾರವಾರ

ನೂರಕ್ಕೆ ನೂರು ಸತ್ಯ. ನಮಗೂ ಅದನ್ನೇ ಕಲಿಸಿದ್ದು. ಫೋವಿಯಾದ ನಟ್ಟನಡುವೆ ಕತ್ತಲಲ್ಲಿ ಕೆಲಸ ಮಾಡುವ ರಾಡ್ ಕೋಶಗಳೇ ಇಲ್ಲ. ಮಂಕಾದ ದೀಪವನ್ನು ನೇರ ನೋಡಿದರೆ ಆರಿಹೋಗುತ್ತದೆ, ಪಕ್ಕಕ್ಕೆ ನೋಡಿದರೆ ಹತ್ತಿಕೊಳ್ಳುತ್ತದೆ. ನಕ್ಷತ್ರಕ್ಕೂ ಅಷ್ಟೇ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ತಾಸು ಬೇಕು. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ. ನಾನು ಎಷ್ಟು ಜನರಿಗೆ ಬೈದಿದ್ದೇನೋ ಲೆಕ್ಕವಿಲ್ಲ.

ಮಂಗಟ್ಟೆ · ದಾಂಡೇಲಿ

ಚರ್ಚೆ ಚೆನ್ನಾಗಿ ಕಾವೇರಿದೆ. ನಾನು ಹಕ್ಕಿ ನೋಡುವವನು. ಬಂದವರಿಗೆ ಮಂಗಟ್ಟೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಮೊದಲ ಹಕ್ಕಿ ತೋರಿಸುವಷ್ಟರಲ್ಲಿ ಗಂಟಲು ಒಣಗುತ್ತದೆ. "ಆ ಕೊಂಬೆ, ಅದರ ಎಡಕ್ಕೆ, ಅಲ್ಲ, ಇನ್ನೂ ಮೇಲೆ." ಎರಡು ಮೂರು ಕಂಡ ಮೇಲೆ ಅವರೇ ನನಗಿಂತ ಮುಂಚೆ ತೋರಿಸುತ್ತಾರೆ. ಅರ್ಧ ತಾಸಿನಲ್ಲಿ ಅವರ ಕಣ್ಣೇನೂ ಬದಲಾಗಿಲ್ಲ. ತಲೆಯೊಳಗೆ ಒಂದು ಅಚ್ಚು ಕೂತಿದೆ, ಅಷ್ಟೇ.

ನೆದರ್ಲೆಂಡ್ಸ್‌ನ ಲುಕ್ ಟಿನ್‌ಬರ್ಗೆನ್ ಇದನ್ನು ಹಕ್ಕಿಗಳಲ್ಲೇ ನೋಡಿದರು. ಬರಹ ಅಚ್ಚಾದದ್ದು 1960ರಲ್ಲಿ. ಪೈನ್ ಕಾಡಿನ ಟಿಟ್ ಹಕ್ಕಿಗಳು ಹೊಸ ಜಾತಿಯ ಕಂಬಳಿಹುಳು ಕಾಣಿಸಿಕೊಂಡಾಗ ಮೊದಮೊದಲು ಅದನ್ನು ತಿನ್ನುವುದೇ ಇಲ್ಲ. ಹುಳುಗಳ ಸಂಖ್ಯೆ ಸ್ವಲ್ಪ ಏರಿದ ಮೇಲೆ ಒಮ್ಮೆಗೇ ಜಾಸ್ತಿ ತಿನ್ನತೊಡಗುತ್ತವೆ. ಆ ಹುಳದ ಅಚ್ಚು ತಲೆಯಲ್ಲಿ ಕೂತಿತು ಅಂತ ಅವರು ಅರ್ಥ ಮಾಡಿದರು.

ಮಳೆ ಹಿಡಿದ ಮೇಲೆ ಅಣಬೆಗೆ ಹೋದವರಿಗೆ ಇದು ಗೊತ್ತು. ಮೊದಲ ಅಣಬೆ ಸಿಗುವವರೆಗೆ ಬೆಟ್ಟದಲ್ಲಿ ಒಂದೂ ಇಲ್ಲ. ಸಿಕ್ಕಿದ ಮೇಲೆ ಕಾಲಿಟ್ಟಲ್ಲೆಲ್ಲ ಅಣಬೆ. ಅಕ್ಕ, ಒಂದು ಕೆಲಸ ಮಾಡಿ. ಎಡಗಿವಿಯ ತಿರುಪು ತೆಗೆದು, ಹುಡುಕುವ ಜಾಗದ ಪಕ್ಕ ನೆಲದ ಮೇಲೆ ಇಟ್ಟು, ನಿಂತು ನೋಡಿ. ಎಷ್ಟು ದೊಡ್ಡದು ಕಾಣುತ್ತದೆ, ಯಾವ ಬಣ್ಣ ಅಂತ ಕಣ್ಣಿಗೆ ತೋರಿಸಿ. ಆಮೇಲೆ ಹುಡುಕಿ. ಅದಕ್ಕೊಂದು ದಾರ ಕಟ್ಟಿ ಇಡಿ, ಇಲ್ಲದಿದ್ದರೆ ಎರಡೂ ಹೋದೀತು.

ಗೋಟಡಿಕೆ · ಶಿರಸಿ · ಭಾನುವಾರ ಸಂಜೆ

ದಾರ ಕಟ್ಟಿ ಇಟ್ಟು ನೋಡಿದೆ. ಅಯ್ಯೋ, ಎಷ್ಟು ಸಣ್ಣದು! ನನ್ನ ತಲೆಯಲ್ಲಿ ಅದು ಬಟಾಣಿಯಷ್ಟು ಇತ್ತು. ನೋಡಿದರೆ ಕೊತ್ತಂಬರಿ ಬೀಜದಷ್ಟೂ ಇಲ್ಲ. ಫಳಫಳ ಅನ್ನುವುದೂ ಇಲ್ಲ. ಬಿಸಿಲಿನಲ್ಲಿ ಒಣನಾರಿನ ಬಣ್ಣವೇ. ಇನ್ನೂ ಒಂದು ತಾಸು ಹುಡುಕಿದೆವು. ಸಿಗಲಿಲ್ಲ.

ಆದರೆ ಚಾಲಿ ಆರಿಸುವ ಅಕ್ಕನ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲವಲ್ಲ.

ಕುಮಟಾ ಕನ್ನಡಕ

ಅವರು ನೋಡುತ್ತಾರೆ ಅಕ್ಕ. ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತು ಜೊತೆಗಾರರು 1999ರಲ್ಲಿ ಚಹಾ ಮಾಡುವವರ ಕಣ್ಣಿನ ಓಡಾಟ ದಾಖಲಿಸಿದರು. ಕೈ ಪಾತ್ರೆಗೆ ಹೋಗುವ ಸುಮಾರು ಅರ್ಧ ಸೆಕೆಂಡ್ ಮುಂಚೆ ಕಣ್ಣು ಅಲ್ಲಿಗೆ ಹೋಗಿರುತ್ತದೆ. ಕೈ ಕೆಲಸ ಮುಗಿಸುವ ಮೊದಲೇ ಕಣ್ಣು ಮುಂದಿನದಕ್ಕೆ ಹಾರುತ್ತದೆ. ನಿಮ್ಮ ಅಕ್ಕನ ಕೈ ಕೋಕಾ ಎತ್ತುವಾಗ ಕಣ್ಣು ಆಗಲೇ ನಿಮ್ಮ ಮುಖ ನೋಡುತ್ತಾ ಸುದ್ದಿ ಹೇಳುತ್ತಿರುತ್ತದೆ. ನೀವು ಗಮನಿಸುವುದು ಆ ಹೊತ್ತನ್ನು ಮಾತ್ರ.

ಅವರ ಕೆಲಸ ನಿಮ್ಮದಕ್ಕಿಂತ ಸುಲಭ ಕೂಡ. 1980ರಲ್ಲಿ ಆನ್ ಟ್ರೀಸ್‌ಮನ್ ಮತ್ತು ಗೆಲಾಡ್ ತೋರಿಸಿದ ವಿಷಯ ಇದು. ಒಂದೇ ಗುಣದಲ್ಲಿ ಎದ್ದು ಬೇರೆಯಾಗಿರುವ ವಸ್ತು ಹುಡುಕದೆಯೇ ಕಣ್ಣಿಗೆ ಹಾರಿ ಬರುತ್ತದೆ. ಬಿಳಿ ಚಾಲಿಯ ರಾಶಿಯಲ್ಲಿ ಕಪ್ಪಾದ ಕೋಕಾ ಹಾಗೆ. ರಾಶಿ ದೊಡ್ಡದಾದರೂ ಹೊತ್ತು ಹೆಚ್ಚು ಹಿಡಿಯುವುದಿಲ್ಲ. ಎರಡು ಗುಣ ಕೂಡಿಸಿ ಹುಡುಕಬೇಕಾದರೆ ಕಥೆ ಬೇರೆ. ಹಳದಿಯೂ ಇರಬೇಕು, ಗುಂಡಗೂ ಇರಬೇಕು. ಸುತ್ತ ಹಳದಿ ನಾರು, ಗುಂಡನೆಯ ಕಸ ಎರಡೂ ಬೇಕಾದಷ್ಟಿವೆ. ಆಗ ಒಂದೊಂದನ್ನೇ ನೋಡಬೇಕು, ಕಸ ಹೆಚ್ಚಾದಷ್ಟೂ ಹೊತ್ತು ಹೆಚ್ಚುತ್ತದೆ.

ಕೇಳಲು ಮರೆತೆ. ನಿಮ್ಮ ವಯಸ್ಸು, ಕನ್ನಡಕ?

ಗೋಟಡಿಕೆ · ಶಿರಸಿ

ಹೆಂಗಸರ ವಯಸ್ಸು ಹೀಗೆ ಎಲ್ಲರ ಎದುರು ಕೇಳುತ್ತಾರಾ? 47. ಮೂರು ತಿಂಗಳ ಹಿಂದೆ ಹೊಸ ಕನ್ನಡಕ ಬಂತು. ಪ್ರೋಗ್ರೆಸಿವ್.

ಕುಮಟಾ ಕನ್ನಡಕ

ಸಿಕ್ಕಿತು!

ತಿರುಪಲ್ಲ, ಕಾರಣ. ಪ್ರೋಗ್ರೆಸಿವ್ ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಒಂದು ಒಂದೂವರೆ ಅಡಿ ದೂರದ ಓದಿಗೆ. ನೆಲ ನೋಡಲು ನೀವು ಕಣ್ಣು ಮಾತ್ರ ಕೆಳಗಿಳಿಸುತ್ತೀರಿ. ಆಗ ಐದಡಿ ದೂರದ ನೆಲವನ್ನು ಓದುವ ಗಾಜಿನಿಂದ ನೋಡಿದ ಹಾಗಾಯಿತು. ಮಸುಕು. ಎರಡು ಪಕ್ಕದ ಅಂಚೂ ಮಸುಕು. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗವೂ ಸ್ಪಷ್ಟ ಇರಲಿಲ್ಲ! ಮೆಟ್ಟಿಲು ಇಳಿಯುವಾಗ ಹೆದರಿಕೆ ಆಗುತ್ತದಾ? ಅದೂ ಇದೇ.

ಗದ್ದವನ್ನು ಎದೆಗೆ ತಾಗುವಷ್ಟು ಬಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೆಲ ನೋಡಿ. ಇಲ್ಲವೇ ಕುಕ್ಕರಗಾಲಲ್ಲಿ ಕೂತು, ಓದುವಷ್ಟು ಹತ್ತಿರ ಬಗ್ಗಿ, ಕೆಳಭಾಗದಿಂದ ನೋಡಿ. ಎಡಬಲಕ್ಕೆ ಕಣ್ಣು ತಿರುಗಿಸಬೇಡಿ, ತಲೆಯನ್ನೇ ತಿರುಗಿಸಿ.

ಹೊನ್ನಾವರ ಮಾಸ್ತರು

ನನ್ನ ಲೆಕ್ಕ ತಪ್ಪಲು ಇಷ್ಟು ಕಾರಣ ಇದೆಯೆಂದು ಗೊತ್ತಿರಲಿಲ್ಲ. ಸಂತೋಷ.

ಒಂದು ಸಣ್ಣ ಮಾತು ನನ್ನದೂ ಇರಲಿ. ನಮ್ಮ ಹೊನ್ನಾವರದ ಕಾಸರಕೋಡು ದಂಡೆಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಆಲಿವ್ ರಿಡ್ಲೆ. ಬೆಳಿಗ್ಗೆ ಗೂಡು ಹುಡುಕುವವರ ಜೊತೆ ಒಂದೆರಡು ಸಲ ಹೋಗಿದ್ದೆ. ಆಮೆ ಗೂಡನ್ನು ಮರಳಿನಿಂದ ಮುಚ್ಚಿ ಹೋಗಿರುತ್ತದೆ. ನಾನು ಗೂಡು ಹುಡುಕುತ್ತಿದ್ದೆ, ಏನೂ ಕಾಣಲಿಲ್ಲ. ಜೊತೆಗಿದ್ದ ಹುಡುಗ ಹುಡುಕಿದ್ದು ಆಮೆ ತೆವಳಿದ ಜಾಡು. ಸೂರ್ಯ ಇನ್ನೂ ಕೆಳಗಿದ್ದ, ಜಾಡಿನ ಅಂಚಿಗೆ ನೆರಳು ಬಿದ್ದಿತ್ತು. ಮಧ್ಯಾಹ್ನ ಬಂದಿದ್ದರೆ ಆ ನೆರಳೂ ಇರುತ್ತಿರಲಿಲ್ಲ.

ತಂಗಿ ಹುಡುಕಿದ್ದೂ ಮಧ್ಯಾಹ್ನವೇ ಅಲ್ವಾ?

ಹಡಗಿನಿಂದ ಇಳಿದವ · ಕಾರವಾರ

ಮಾಸ್ತರೇ, ಭೇಷ್. ಹಾಗಾದರೆ ಹೀಗೆ ಮಾಡಿ ತಂಗಿ. ಕತ್ತಲಾಗಲಿ. ಅಂಗಳದ ಲೈಟ್ ಆರಿಸಿ. ಬ್ಯಾಟರಿಯನ್ನು ನೆಲಕ್ಕೆ ತಾಗಿಸಿ ಅಡ್ಡ ಹಿಡಿಯಿರಿ. ಬೆಳಕು ನೆಲವನ್ನು ಸವರಿಕೊಂಡು ಹೋಗಬೇಕು. ಕೊತ್ತಂಬರಿ ಬೀಜದಷ್ಟು ಇದ್ದರೂ ಹಿಂದೆ ಉದ್ದ ನೆರಳು ಬೀಳುತ್ತದೆ. ವಸ್ತು ಸಣ್ಣದು, ನೆರಳು ದೊಡ್ಡದು. ಅದಕ್ಕೆ ಮುಂಚೆ ಹಗ್ಗ ಹಾಕಿ ಒಂದೊಂದು ಅಡಿ ಅಗಲದ ಪಟ್ಟಿ ಮಾಡಿಕೊಳ್ಳಿ. ಒಂದು ಪಟ್ಟಿ ಮುಗಿಯದೆ ಇನ್ನೊಂದಕ್ಕೆ ಹೋಗಬಾರದು. ಒಬ್ಬರು ಮುಗಿಸಿದ ಪಟ್ಟಿಯನ್ನು ಇನ್ನೊಬ್ಬರು ಎದುರು ದಿಕ್ಕಿನಿಂದ ನೋಡಲಿ.

ಎಕ್ಸ್‌ರೇ ರಾತ್ರಿಪಾಳಿ

ಒಂದು ಸೇರಿಸುತ್ತೇನೆ. "ಇನ್ನು ಸಿಗುವುದಿಲ್ಲ" ಅಂತ ಮನಸ್ಸಿಗೆ ಬಂದ ಮೇಲೆ ಹುಡುಕಬೇಡಿ, ಎದ್ದು ಚಹಾ ಕುಡಿಯಿರಿ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಜೊತೆಗಾರರು ವಿಮಾನ ನಿಲ್ದಾಣದ ಬ್ಯಾಗ್ ತಪಾಸಣೆಯಂಥ ಆಟ ಕೊಟ್ಟು ನೋಡಿದರು. ಅರ್ಧ ಚಿತ್ರಗಳಲ್ಲಿ ಹುಡುಕುವ ವಸ್ತು ಇದ್ದಾಗ ನೂರಕ್ಕೆ 7 ತಪ್ಪಿದವು. ನೂರು ಚಿತ್ರದಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ನೂರಕ್ಕೆ 30 ತಪ್ಪಿದವು. ಅಪರೂಪದ್ದು ಅಂತ ಗೊತ್ತಾದರೆ ಜನ ಬೇಗ "ಇಲ್ಲ" ಅಂದುಬಿಡುತ್ತಾರೆ. ರಾತ್ರಿ ಮೂರು ಗಂಟೆಗೆ ನಾಲ್ವತ್ತನೆಯ ಫಿಲ್ಮ್ ನೋಡುವಾಗ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಮಗಳ ಕೈಯಲ್ಲಿ ಎಡಗಿವಿಯ ತಿರುಪನ್ನು ಒಂದು ಪಟ್ಟಿಯಲ್ಲಿ ಗುಟ್ಟಾಗಿ ಇಡಿಸಿ. ದಾರ ನಾರಿನ ಅಡಿಯಲ್ಲಿ ಇರಲಿ. ಅದನ್ನು ನೀವು ಹಿಡಿದರೆ ಕಣ್ಣು ಎಚ್ಚರ ಇದೆ ಅಂತ ಲೆಕ್ಕ. ಬ್ಯಾಗ್ ತಪಾಸಣೆಯ ಯಂತ್ರಗಳಲ್ಲೂ ಆಗಾಗ ಸುಳ್ಳು ಬಂದೂಕಿನ ಚಿತ್ರ ತೋರಿಸುವುದುಂಟು, ಸಿಬ್ಬಂದಿಯ ಕಣ್ಣು ಮಲಗದಿರಲಿ ಅಂತ.

ಗೋಟಡಿಕೆ · ಶಿರಸಿ · ಸೋಮವಾರ ರಾತ್ರಿ

ಸಿಕ್ಕಿತು!! ವಿವರವಾಗಿ ಹೇಳುತ್ತೇನೆ, ನಿಮಗೆಲ್ಲ ಅಷ್ಟು ಹಕ್ಕಿದೆ.

ಊಟಕ್ಕೆ ಮುಂಚೆ ಬಾವಿಹಗ್ಗ ಹಾಕಿ ಆರು ಪಟ್ಟಿ ಮಾಡಿದೆವು. ಅತ್ತೆ ಜಗಲಿಯಲ್ಲಿ ಕೂತು "ತಿರುಪಿಗೆ ತಿಥಿ ಮಾಡುತ್ತಿದ್ದಾರೆ" ಅಂತ ನಗುತ್ತಿದ್ದರು. ಲೈಟ್ ಆರಿಸಿದೆವು. ಮಗಳು ಬ್ಯಾಟರಿ ನೆಲಕ್ಕೆ ಹಿಡಿದಳು. ಮಾರಾಯ್ರೆ, ನಮ್ಮ ಅಂಗಳವೇ ಗುರುತು ಸಿಗಲಿಲ್ಲ. ಸಾರಿಸಿದ ಕೈಬೆರಳಿನ ಗೆರೆ ಗೆರೆಯೂ ಗದ್ದೆ ಹಾಳಿಯ ಹಾಗೆ ಎದ್ದು ನಿಂತಿತು. ನಾನು ಕುಕ್ಕರಗಾಲಲ್ಲಿ ಕೂತು ಗದ್ದ ಬಗ್ಗಿಸಿ, ತಲೆ ತಿರುಗಿಸಿ ತಿರುಗಿಸಿ ನೋಡಿದೆ. ಕುತ್ತಿಗೆ ಈಗಲೂ ನೋಯುತ್ತಿದೆ.

ಮೊದಲ ಪಟ್ಟಿಯಲ್ಲಿ ಒಂದು ಬಳೆಚೂರು. ಎರಡನೆಯದರಲ್ಲಿ ಮಗಳು ಗುಟ್ಟಾಗಿ ಇಟ್ಟ ಎಡಗಿವಿಯ ತಿರುಪು. ಅದನ್ನು ಮನೆಯವರು ದಾಟಿಕೊಂಡು ಹೋದರು, ನಾನು ಹಿಡಿದೆ! ಇನ್ನು "ಸರಿಯಾಗಿ ನೋಡು" ಅನ್ನಲಿಕ್ಕಿಲ್ಲ. ನಾಲ್ಕನೆಯ ಪಟ್ಟಿಯ ಕೊನೆಗೆ ಒಂದು ನೆರಳು. ವಸ್ತುವೇ ಇಲ್ಲ, ನೆರಳು ಮಾತ್ರ ಇದೆ ಅನ್ನುವ ಹಾಗೆ. ಉಗುರಿನಲ್ಲಿ ಕೆರೆದರೆ ತಿರುಪು.

ಯಾಕೆ ಕಾಣಲಿಲ್ಲ ಗೊತ್ತಾ? ಶನಿವಾರ ಬೆಳಿಗ್ಗೆ ಅತ್ತೆ ಅಂಗಳದ ಆ ಮೂಲೆ ಬಿರುಕು ಬಿಟ್ಟಿದೆ ಅಂತ ಒಂದು ಕೈ ಹಸಿ ಸಗಣಿ ಹಚ್ಚಿದ್ದರು. ತಿರುಪು ಅದರ ಮೇಲೆ ಬಿದ್ದು ಮೈತುಂಬ ಸಗಣಿ ಬಳಿದುಕೊಂಡು ಒಣಗಿತ್ತು. ನಾವು ಮೂವರೂ ಎರಡು ದಿನ ಹಳದಿ ಬಣ್ಣ ಹುಡುಕುತ್ತಿದ್ದೆವು. ಅಲ್ಲಿ ಹಳದಿ ಇರಲೇ ಇಲ್ಲ. ಎಷ್ಟು ಸಲ ಅದರ ಮೇಲೆ ಕಣ್ಣು ಬಿದ್ದಿತ್ತೋ.

ಎಕ್ಸ್‌ರೇ ರಾತ್ರಿಪಾಳಿ

ಸಗಣಿ ಮೆತ್ತಿದ ಗೊರಿಲ್ಲಾ.

ಮಂಗಟ್ಟೆ · ದಾಂಡೇಲಿ

ಹಾಗಾದರೆ ಎಡಗಿವಿಯ ತಿರುಪು ತೋರಿಸಿ ಅಚ್ಚು ಕೂರಿಸಿಕೊಳ್ಳಿ ಅಂದ ನನ್ನ ಸಲಹೆ ನಿಮ್ಮನ್ನು ದಾರಿ ತಪ್ಪಿಸಿತು. ಒಪ್ಪಿಕೊಂಡೆ ಅಕ್ಕ.

ಕುಮಟಾ ಕನ್ನಡಕ

ಪೂರ್ತಿ ಅಲ್ಲ, ಗಾತ್ರ ಸರಿಯಾಗಿ ತಿಳಿಯಿತಲ್ಲ. ಅಕ್ಕ, ಕುಮಟಾ ಕಡೆ ಬಂದರೆ ಆ ಕನ್ನಡಕ ತೋರಿಸಿ ಹೋಗಿ. ಫ್ರೇಮ್ ಸ್ವಲ್ಪ ಕೆಳಗೆ ಜಾರಿ ಕೂತಿರಬಹುದು, ಬಿಗಿ ಮಾಡಿಕೊಡುತ್ತೇನೆ. ದುಡ್ಡು ಬೇಡ.

ಕೋಡಿಬಾಗ · ಕಾರವಾರ

ಅಪ್ಪನಿಗೆ ಇಡೀ ಕಥೆ ಹೇಳಿದೆ. "ನೆರಳು ನೋಡಿದರಲ್ಲ, ನಾನು ಹೇಳಿದ್ದೂ ಅದೇ, ಮೀನು ನೋಡಬೇಡ ನೀರು ನೋಡು ಅಂತ" ಅಂದರು. ಹಡಗಿನ ಅಣ್ಣನಿಗೆ ಇದನ್ನು ಹೇಳು ಅಂತಲೂ ಅಂದರು.

ಹಡಗಿನಿಂದ ಇಳಿದವ · ಕಾರವಾರ

ಹೇಳಿದ್ದು ಮುಟ್ಟಿತು. ಆದರೆ ಹಗ್ಗ ನನ್ನದು.

ಗೋಟಡಿಕೆ · ಶಿರಸಿ

ಹಗ್ಗ ನಮ್ಮ ಬಾವಿಯದು. ಬೆಳಿಗ್ಗೆ ನೀರು ಸೇದಬೇಕು, ಬಿಚ್ಚಲು ಹೋಗುತ್ತೇನೆ.